ಕೆರೆಯ ಮೀನಿಗೆ ಕಾವಲು ಯಾರು?

ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ಹಾದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತದೆ. ಕುಣಿಗಲ್ ಕೆರೆಯಂತೂ ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತ. ಕಡಲಿನಿಂದ ದೂರವಿರುವ ತುಮಕೂರು ಸೀಮೆಯ ಮೀನುಗಾರರಿಗೆ ಇಂಥ ಕೆರೆಗಳೇ ಹೊಲ, ಇವುಗಳ ಮೀನೇ ಬೆಳೆ.

ಇದು ತಾನಾಗಿ ಬೆಳೆದ ಬೆಳೆಯಲ್ಲ. ಕಾಟ್ಲ, ರೋಹು, ಮೃಗಾಲ್ ಮೀನುಗಳು ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುತ್ತವೆ. ನಿಂತ ನೀರಿನಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಅವರು ಕಟಕ್‌ನಲ್ಲಿ ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚಿ ಇಂಥ ಮೀನುಗಳಿಂದ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದರು. ಅಂದಿನಿಂದ ಮರಿಗಳನ್ನು ಸಾಕಿ ಕೆರೆಗೆ ಬಿಡುವುದು ಸುಲಭವಾಯಿತು. ಮರಿ ಬಿತ್ತಿದವರು ಫಸಲಿಗಾಗಿ ತಿಂಗಳುಗಟ್ಟಲೆ ಕಾಯಬೇಕು. ಸಣ್ಣ ಕಣ್ಣಿನ ಬಲೆ ಬೀಸಿದ ಕಳ್ಳ ಒಂದೇ ರಾತ್ರಿಯಲ್ಲಿ ಆ ಫಸಲನ್ನು ಹೊತ್ತೊಯ್ಯಬಹುದು. ಮೀನುಗಾರರ ಸಹಕಾರ ಸಂಘವೊಂದು ಕೆರೆಯನ್ನು ಗುತ್ತಿಗೆ ಹಿಡಿದಿದ್ದರೆ ಆ ನಷ್ಟ ಪ್ರತಿ ಸದಸ್ಯನ ಮನೆಗೂ ತಟ್ಟುತ್ತದೆ.

ಹಾಗಾದರೆ ಕಾವಲಿಗೆ ಎಷ್ಟು ಜನ ಬೇಕು? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ದಿನಕ್ಕೆ 8 ಗಂಟೆಯ 3 ಪಾಳಿ, ವಾರಕ್ಕೆ 21 ಪಾಳಿ. ಕತ್ತಲಲ್ಲಿ ನೀರಿನ ಬಳಿ ಒಬ್ಬನೇ ಹೋಗುವುದು ಅಪಾಯವಾದ್ದರಿಂದ ಇಬ್ಬರೆಂದರೆ 42 ಆಳುಪಾಳಿ. ಒಬ್ಬ ವಾರಕ್ಕೆ 6 ಪಾಳಿ ಮಾಡಿದರೆ 7 ಜನ ಬೇಕು. ರಜೆ, ಕಾಯಿಲೆ ಸೇರಿದರೆ ಇನ್ನೊಬ್ಬ. ಇದು ಒಂದೇ ಕೆರೆಯ ಲೆಕ್ಕ! ತಾಲ್ಲೂಕಿನ ಮೀನುಗಾರಿಕೆ ಕಚೇರಿಯವರಿಗೆ ಮರಿ ಹಂಚಿಕೆ, ಗುತ್ತಿಗೆ, ಸಹಾಯಧನದ ಕೆಲಸಗಳೂ ಇರುತ್ತವೆ. ಆದ್ದರಿಂದ ಎಲ್ಲ ಕೆರೆಗೂ ಸರ್ಕಾರಿ ಕಾವಲು ಆಗದ ಮಾತು. ಅಧಿಕಾರಿಗಳ ಗಸ್ತಿನ ಜೊತೆಗೆ ಸಂಘದವರ ಸರದಿ ಕಾವಲೂ ಸೇರಬೇಕು.

ಕಾವಲಿಗೆ ದೊಣ್ಣೆ, ಬ್ಯಾಟರಿ ಸಾಲದು, ವಿಜ್ಞಾನವೂ ಬೇಕು. ಬೆಳಗಿನ ಜಾವ ಮೀನುಗಳು ನೀರಿನ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ವಿಷವೆಂದೇ ತಿಳಿಯಬೇಕಾಗಿಲ್ಲ. ರಾತ್ರಿ ಪಾಚಿಗೆ ದ್ಯುತಿಸಂಶ್ಲೇಷಣೆ ಇಲ್ಲ, ಉಸಿರಾಟ ಮಾತ್ರ. ಹಾಗಾಗಿ ಸೂರ್ಯೋದಯದ ಹೊತ್ತಿಗೆ ನೀರಿನ ಆಮ್ಲಜನಕ ತೀರ ಕಡಿಮೆಯಾಗಿರುತ್ತದೆ. ಆಗ ಹೆಚ್ಚಾಗಿ ಮೊದಲು ಸಾಯುವುದು ದೊಡ್ಡ ಮೀನು. ವಿಷ ಬೆರೆತಿದ್ದರೆ ಸಣ್ಣ ಮೀನು, ನೀರಿನ ಹುಳುಗಳೂ ಸಾಯುವುದುಂಟು, ಅದೂ ಯಾವ ಹೊತ್ತಿನಲ್ಲಾದರೂ. ಅನುಮಾನ ಬಂದೊಡನೆ ಶುಚಿಯಾದ ಬಾಟಲಿಯಲ್ಲಿ ನೀರಿನ ಮಾದರಿ ಹಿಡಿಯಬೇಕು. ತಡವಾದರೆ ವಿಷ ನೀರಲ್ಲಿ ಕರಗಿ ತೆಳುವಾಗುತ್ತದೆ, ಸಾಕ್ಷ್ಯವೂ ಹೋಗುತ್ತದೆ.

ಕಾನೂನು ಹೊಸದಲ್ಲ. 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದನ್ನು ಅಪರಾಧವೆಂದಿತ್ತು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ತನ್ನದೇ ನಿಬಂಧನೆ ತಂದಿತು. ಕರ್ನಾಟಕದ ಒಳನಾಡು ಮೀನುಗಾರಿಕೆಗೆ 1996ರ ಕಾಯಿದೆಯಿದೆ. ಆದರೆ ಕಾಯಿದೆಗೆ ಕಣ್ಣಿಲ್ಲ. ನೋಡಿ ತಿಳಿಸುವವರು ಬೇಕು.

ಮೀನುಗಾರಿಕೆಯನ್ನೇ ಓದಬಯಸುವ ಮಕ್ಕಳಿಗೆ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿದೆ. ಉಳಿದವರೂ ಒಂದು ಕೆಲಸ ಮಾಡಬಹುದು: ಏರಿಯ ಮೇಲೆ ನಡೆಯುವಾಗ ಸತ್ತ ಮೀನೋ ಖಾಲಿ ವಿಷದ ಡಬ್ಬಿಯೋ ಕಂಡರೆ ಮುಟ್ಟದೆ ಹಿರಿಯರಿಗೆ ತಿಳಿಸುವುದು. ಊರಿನ ಕಣ್ಣು ಎಚ್ಚರವಿದ್ದರೆ ಕೆರೆಯ ಕಾವಲಿಗೆ ಅರ್ಧ ಬಲ ಬಂದಂತೆ.