ಪಾರ್ಶ್ವವಾಯು ಬಳಿಕ ಭುಜದ ನೋವು: ಕೈ ಹಿಡಿದು ಎಬ್ಬಿಸುವ ಮುನ್ನ ಇದನ್ನು ಓದಿ

ಪಾರ್ಶ್ವವಾಯು ಆದವರನ್ನು ಹಾಸಿಗೆಯಿಂದ ಎಬ್ಬಿಸುವಾಗ ಮನೆಯವರು ಬಲವಿಲ್ಲದ ಕೈಯನ್ನೇ ಹಿಡಿದು ಎಳೆಯುತ್ತಾರೆ, ಇಲ್ಲವೇ ಕಂಕುಳಿಗೆ ಕೈ ಹಾಕಿ ಎತ್ತುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಮುಂದೆ ಕಾಡುವ ಭುಜದ ನೋವಿಗೆ ಇದೂ ಒಂದು ಕಾರಣ.

ಭುಜಕ್ಕೇ ಯಾಕೆ ತೊಂದರೆ?

ಸೊಂಟದ ಕೀಲಿನಲ್ಲಿ ಮೂಳೆಯ ಗುಂಡು ಆಳವಾದ ಕುಳಿಯಲ್ಲಿ ಕೂತಿರುತ್ತದೆ. ಭುಜದ ಕುಳಿ ಹಾಗಲ್ಲ, ಬಹಳ ಆಳ ಕಡಿಮೆ. ತೋಳಿನ ಮೂಳೆ ಅಲ್ಲಿ ನಿಲ್ಲುವುದು ಮುಖ್ಯವಾಗಿ ಸುತ್ತಲಿನ ಸ್ನಾಯುಗಳ ಬಲದಿಂದ. ಅವು ಸಡಿಲವಾದರೆ ಕೈಯ ಭಾರಕ್ಕೇ ಮೂಳೆ ಕೆಳಗೆ ಜಾರುತ್ತದೆ. ಭುಜದ ತುದಿಯ ಕೆಳಗೆ ಬೆರಳಿಟ್ಟರೆ ಸಂದು ತಿಳಿಯುವುದೂ ಉಂಟು. ಹೀಗೆ ಜಾರಿದ ಎಲ್ಲರಿಗೂ ನೋವಿರುವುದಿಲ್ಲ. ಆದರೆ ಆ ಸ್ಥಿತಿಯಲ್ಲಿ ಎಳೆದರೆ ಪೆಟ್ಟಾಗುವುದು ಸುಲಭ. ಇನ್ನು ಕೆಲವರಲ್ಲಿ ದಿನ ಕಳೆದಂತೆ ಸ್ನಾಯುಗಳು ಬಿಗಿದುಕೊಂಡು ಕೀಲು ಗಟ್ಟಿಯಾಗಿ ನೋವು ಶುರುವಾಗುತ್ತದೆ.

ಮನೆಯಲ್ಲಿ ಏನು ಮಾಡಬೇಕು?

ಕೈ ಜೋತಾಡಲು ಬಿಡಬಾರದು. ಕೂತಾಗ ಮೊಣಕೈಯಿಂದ ಬೆರಳವರೆಗೆ ದಿಂಬಿನ ಆಸರೆ ಬೇಕು. ಎಡಭಾಗಕ್ಕೆ ಪಾರ್ಶ್ವವಾಯು ಆದ ಕೆಲವರಿಗೆ ಆ ಕೈಯ ಪರಿವೆಯೇ ಇರುವುದಿಲ್ಲ. ಅದು ವೀಲ್‌ಚೇರ್‌ನಿಂದ ಹೊರಗೆ ನೇತಾಡುತ್ತಿದ್ದರೂ ತಿಳಿಯದು. ನೋಡಿಕೊಳ್ಳುವವರೇ ಗಮನಿಸಬೇಕು. ಅಂಗಿ ತೊಡಿಸುವಾಗ ಮೊದಲು ದುರ್ಬಲ ಕೈ, ಬಿಚ್ಚುವಾಗ ಮೊದಲು ಸರಿಯಿರುವ ಕೈ. ಹೋಮ್ ನರ್ಸ್ ಬದಲಾದಾಗಲೆಲ್ಲ ಇದನ್ನು ಹೊಸಬರಿಗೆ ಹೇಳಿಕೊಡಬೇಕು.

ಸ್ಲಿಂಗ್ ಹಾಕಿಬಿಟ್ಟರೆ ಸಾಕಲ್ಲ ಎನ್ನುವವರಿದ್ದಾರೆ. ನಿಂತಾಗ, ನಡೆಯುವಾಗ ಅದು ಆಸರೆ ನೀಡಬಹುದು. ಆದರೆ ಇಡೀ ದಿನ ಹಾಕಿಟ್ಟರೆ ಮಡಚಿದ ಕೈ ಹಾಗೆಯೇ ಬಿಗಿಯುವ ಅಪಾಯವಿದೆ.

ವ್ಯಾಯಾಮ ಬೇಕೇ ಬೇಕು, ಆದರೆ ನೋವಾಗದ ಮಿತಿಯಲ್ಲಿ. ಬೆನ್ನಿನ ಹಲಗೆ ಮೂಳೆ ಜೊತೆಗೆ ತಿರುಗದೆ ತೋಳನ್ನು ಭುಜದ ಮಟ್ಟಕ್ಕಿಂತ ಮೇಲೆತ್ತಿದರೆ ಒಳಗಿನ ಸ್ನಾಯು ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಮೊದಲು ಫಿಸಿಯೋಥೆರಪಿಸ್ಟ್ ಬಳಿ ಕಲಿಯಬೇಕು. ಬಾಗಿಲಿಗೆ ರಾಟೆ ಕಟ್ಟಿ ಹಗ್ಗದಿಂದ ಕೈಯನ್ನು ತಲೆಯ ಮೇಲಕ್ಕೆ ಎಳೆಯುವ ವ್ಯಾಯಾಮ ಈ ರೋಗಿಗಳಿಗೆ ಬೇಡ ಎಂದೇ ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. ಎಣ್ಣೆ ಹಚ್ಚಿ ಜೋರಾಗಿ ತಿರುಚುವುದೂ ಬೇಡ. ಸ್ಪರ್ಶಜ್ಞಾನ ಕಡಿಮೆಯಿರುವ ಕೈಗೆ ಬಿಸಿನೀರಿನ ಚೀಲ ಇಟ್ಟರೆ ಸುಟ್ಟದ್ದೂ ಗೊತ್ತಾಗುವುದಿಲ್ಲ.

ನೋವು ಶುರುವಾದರೆ?

ಮೆಡಿಕಲ್ ಶಾಪ್‌ನಿಂದ ಸಿಕ್ಕ ನೋವಿನ ಮಾತ್ರೆ ತಂದು ಕೊಡಬೇಡಿ. ಪಾರ್ಶ್ವವಾಯು ಆದ ಬಹಳಷ್ಟು ಮಂದಿ ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿರುತ್ತಾರೆ. ಅದರ ಜೊತೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯವಿದೆ. ನೋವಿನ ಕಾರಣ ನೋಡಿಕೊಂಡು ವೈದ್ಯರು ಪ್ಯಾರಸಿಟಮಾಲ್, ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಅಥವಾ ಬಿಗಿದ ಸ್ನಾಯುವಿಗೆ ಬೊಟಾಕ್ಸ್ ಸೂಚಿಸಬಹುದು.

ಭುಜದ ನೋವಿನ ಜೊತೆ ಅಂಗೈ ಊದಿಕೊಂಡು, ಬಿಸಿಯಾಗಿ, ಚರ್ಮದ ಬಣ್ಣ ಬದಲಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ವೈದ್ಯರಿಗೆ ತೋರಿಸಿ.