ಸಕ್ಕರೆಯೆಂಬ ಸಂಚಾರಿ

ಪುಣೆ ಜಿಲ್ಲೆಯ ಇಂದಾಪುರ ತಾಲೂಕು ಕಬ್ಬಿನ ಸೀಮೆ. 1930ರ ದಶಕದಲ್ಲಿ ವಾಲಚಂದ ಹೀರಾಚಂದರು ಇಲ್ಲಿ ಸಕ್ಕರೆ ಕಾರ್ಖಾನೆಯನ್ನು ಕಟ್ಟಿದರು. ಅದರ ಸುತ್ತ ಬೆಳೆದ ಊರೇ ವಾಲಚಂದನಗರ. ತರುವಾಯ ಭವಾನಿನಗರದಲ್ಲಿ ಸಹಕಾರಿ ಕಾರ್ಖಾನೆಯೂ ತಲೆಯೆತ್ತಿತು. ಇಲ್ಲಿಯ ಮರಾಠಿಗರ ‘ಸಾಖರ’ಕ್ಕೂ ನಮ್ಮ ‘ಸಕ್ಕರೆ’ಗೂ ಇರುವ ನಂಟನ್ನು ಕಿವಿಯೇ ಹೇಳುತ್ತದೆ. ಆದರೆ ಇಂಗ್ಲಿಷಿನ ‘ಶುಗರ್’ ಕೂಡ ಇದೇ ಮನೆತನದ್ದೆಂಬುದನ್ನು ವಾಚಕರಲ್ಲಿ ಹಲವರು ಗಮನಿಸಿರಲಾರರು.

ಇವೆಲ್ಲಕ್ಕೂ ಮೂಲ ಸಂಸ್ಕೃತದ ‘ಶರ್ಕರಾ’ ಎಂಬ ಪದ. ಅದರ ಮೊದಲ ಅರ್ಥ ಸಿಹಿಯಲ್ಲ. ಗರಸು, ಹರಳು, ಸಣ್ಣ ಕಲ್ಲು. ಕಬ್ಬಿನ ಹಾಲು ಕುದಿದು ಹರಳುಗಟ್ಟಿದುದನ್ನು ಕಂಡು ಹಿರಿಯರು ಅದಕ್ಕೆ ಕಲ್ಲಿನ ಹೆಸರನ್ನೇ ಇಟ್ಟರು. ಪ್ರಾಕೃತದ ‘ಸಕ್ಕರಾ’ ಕನ್ನಡದಲ್ಲಿ ಸಕ್ಕರೆಯಾಯಿತು. ಮೂಲಾರ್ಥ ಮರೆತುಹೋದ ಮೇಲೆ ನಾವು ಅದಕ್ಕೆ ಮತ್ತೊಂದು ಕಲ್ಲನ್ನು ಸೇರಿಸಿ ‘ಕಲ್ಲುಸಕ್ಕರೆ’ ಎಂದೆವು!

ಈ ಪದವು ಪಡುವಣಕ್ಕೆ ಎರಡು ದಾರಿಗಳಲ್ಲಿ ನಡೆಯಿತು. ಪ್ರಾಚೀನ ಗ್ರೀಕರಲ್ಲಿ ಅದು ‘ಸಾಖರೋನ್’ ಆಯಿತು, ರೋಮನರಲ್ಲಿ ‘ಸಾಖರುಮ್’. 1879ರಲ್ಲಿ ಕಂಡುಹಿಡಿಯಲಾದ ಸ್ಯಾಕರಿನ್ನಿನ ಹೆಸರು ಹುಟ್ಟಿದ್ದು ಈ ಕವಲಿನಿಂದಲೇ. ಇನ್ನೊಂದು ದಾರಿಯಲ್ಲಿ ಪಾರಸಿಕರು ‘ಶಕರ್’ ಎಂದರು. ಅರಬರು ‘ಸುಕ್ಕರ್’ ಎಂದರು. ಅರಬರು ಕಬ್ಬಿನ ಬೇಸಾಯವನ್ನು ಸಿಸಿಲಿಗೂ ಸ್ಪೇನಿಗೂ ಒಯ್ದಾಗ ಪದವೂ ಜೊತೆಗೆ ಹೋಯಿತು. ಇಟಲಿಯವರ ‘ತ್ಸುಕ್ಕೆರೊ’, ಫ್ರೆಂಚರ ‘ಸುಕ್ರ್’, ಜರ್ಮನರ ‘ತ್ಸುಕರ್’, ಇಂಗ್ಲಿಷರ ‘ಶುಗರ್’ ಎಲ್ಲವೂ ಅದರ ಮಕ್ಕಳು. ಪೋರ್ತುಗೀಸರ ‘ಅಸೂಕರ್’ನಲ್ಲಿ ಅರಬ್ಬಿಯ ‘ಅಲ್’ ಎಂಬ ಉಪಪದವೂ ಕರಗಿಕೊಂಡಿದೆ. ರಷ್ಯನರ ‘ಸಾಖರ್’ ಅಂತೂ ಇಂದಾಪುರದ ಸಂತೆಯಲ್ಲಿ ಕೇಳಿದಂತೆಯೇ ಇದೆ.

ಇಷ್ಟಕ್ಕೇ ಮುಗಿಯಲಿಲ್ಲ. ಪಶ್ಚಿಮ ಕರಾವಳಿಗೆ ಬಂದಿಳಿದ ಪೋರ್ತುಗೀಸರು ಮಲೆಯಾಳದಲ್ಲಿ ಬೆಲ್ಲಕ್ಕೆ ‘ಚಕ್ಕರ’ ಎನ್ನುವುದನ್ನು ಕೇಳಿ ‘ಜಾಗರ’ ಎಂದರು. ಅದರಿಂದಲೇ ಇಂಗ್ಲಿಷಿನ ‘ಜಾಗರಿ’. ಹೀಗೆ ಒಂದೇ ಮನೆಯ ಪದ ಆ ಭಾಷೆಯೊಳಕ್ಕೆ ಎರಡು ಬಾಗಿಲುಗಳಿಂದ ಪ್ರವೇಶಿಸಿತು.

ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಬಹುಕಾಲ ಕುಳಿತ ನಾವು ‘ಶುಗರ್ ಕಮ್ಮಿ’ ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದೇವೆ. ಹೇಳುವವರಲ್ಲಿ ನಮ್ಮ ಕನ್ನಡ ಮನೆಗಳ ಮಕ್ಕಳೂ ಉಂಟು. ಮನೆಯ ಮಾತು ಹಳ್ಳಿಯದೆಂದೂ ಪರರ ಮಾತು ನಾಗರಿಕವೆಂದೂ ಅವರು ಸಂಕೋಚಪಡುತ್ತಾರೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಭಾಷೆ ಸವೆಯುವುದು ಇಂಥ ಚಿಕ್ಕ ಸಂಕೋಚಗಳಿಂದಲೇ. ‘ಶುಗರ್’ ಎಂಬುದು ದೇಶ ಸುತ್ತಿ ವೇಷ ಬದಲಿಸಿ ಮರಳಿದ ನಮ್ಮ ನೆಂಟನೇ ಎಂದು ಮಕ್ಕಳಿಗೆ ತಿಳಿಸಬೇಕು. ನೆಂಟನನ್ನು ಆದರಿಸುವ ಭರದಲ್ಲಿ ಮನೆಯವರನ್ನು ಹೊರಗೆ ನಿಲ್ಲಿಸುವುದು ತರವಲ್ಲ.