ಮರಳಿ ಶಿಷ್ಯರಾಗುವ ವೈದ್ಯರು

ಕಳೆದ ತಿಂಗಳು ನಮ್ಮ ಹಳೆಯ ಶಿಷ್ಯೆಯೊಬ್ಬಳ ತಾಯಿ ಮನೆಗೆ ಬಂದಿದ್ದರು. ಮಗಳು ಎಂ.ಡಿ. ಪರೀಕ್ಷೆಯನ್ನು ಮುಗಿಸಿದ್ದಾಳೆ, ಇನ್ನು ವೃತ್ತಿಯಲ್ಲಿ ನೆಲೆಯೂರಬೇಕಾದ ಕಾಲ. ಆಕೆಯಾದರೋ ಕ್ಯಾನ್ಸರಿನ ಇಮ್ಯುನೊಥೆರಪಿಯಲ್ಲಿ ಸಂಶೋಧನೆಯನ್ನು ಕಲಿಯುವೆನೆಂದು ಮತ್ತೆ ಮೂರು ವರ್ಷ ಪ್ರಯೋಗಶಾಲೆಗೆ ಹೊರಟಿದ್ದಾಳೆ. “ಮೇಷ್ಟ್ರೇ, ಡಾಕ್ಟರಾದ ಹುಡುಗಿ ಇಲಿ ಸಾಕುತ್ತಾ ಕೂರುವುದೆ? ನೀವಾದರೂ ನಾಲ್ಕು ಮಾತು ಹೇಳಿ” ಎಂದರು ಆ ತಾಯಿ. ನಾವು ಹೇಳಿದ್ದು ಅವರು ಬಯಸಿ ಬಂದ ಮಾತಾಗಿರಲಿಲ್ಲ. ಅದನ್ನೇ ವಾಚಕರ ಮುಂದೆಯೂ ಇಡುತ್ತೇವೆ.

ನಮ್ಮ ರಕ್ತದಲ್ಲಿ ಬಿಳಿಯ ಕಣಗಳೆಂಬ ಕಾವಲುಗಾರರಿರುವುದಷ್ಟೆ. ಹೊರಗಿನಿಂದ ಬಂದ ರೋಗಾಣುವನ್ನು ಇವು ಗುರುತಿಸಿ ಕೊಲ್ಲುವುವು. ಕ್ಯಾನ್ಸರ್ ಕೋಶವಾದರೋ ಮನೆಯಲ್ಲೇ ಹುಟ್ಟಿದ ಕಳ್ಳ. ಕಾವಲುಗಾರರ ಕಣ್ಣಿಗೆ ಅನೇಕ ವೇಳೆ ಬೀಳುವುದಿಲ್ಲ. ಆ ಕಾವಲನ್ನು ಎಚ್ಚರಿಸಿ ರೋಗದ ಮೇಲೆ ಬಿಡುವ ಚಿಕಿತ್ಸೆಯೇ ಇಮ್ಯುನೊಥೆರಪಿ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವಲ್ಲ. 1890ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಕೋಲಿ ಎಂಬ ತರುಣ ಶಸ್ತ್ರವೈದ್ಯನ ಬಳಿಗೆ ಬೆಸಿ ಡಾಶಿಯೆಲ್ ಎಂಬ ಹದಿನೇಳರ ಕನ್ಯೆ ಬಂದಳು. ಕೈಯ ಮೂಳೆಗೆ ಕ್ಯಾನ್ಸರ್. ಕೈಯನ್ನು ಕತ್ತರಿಸಿದರೂ ಆಕೆ ಮರುವರ್ಷದ ಜನವರಿಯಲ್ಲಿ ತೀರಿಕೊಂಡಳು. ಕೋಲಿಗೆ ನಿದ್ರೆ ಬಾರದಾಯಿತು. ಆಸ್ಪತ್ರೆಯ ಹಳೆಯ ದಫ್ತರಗಳನ್ನು ತೆರೆದು ಓದುತ್ತಿರುವಾಗ, ಕತ್ತಿನ ಗಂತಿಯಿಂದ ಸಾಯಬೇಕಾಗಿದ್ದವನೊಬ್ಬನಿಗೆ ಚರ್ಮವೆಲ್ಲ ಕೆಂಪೇರಿ ಜ್ವರ ಕಾಯುವ ಸೋಂಕು ತಗುಲಿದ ಮೇಲೆ ಗಂತಿ ತಾನಾಗಿ ಕರಗಿತೆಂಬ ವೃತ್ತಾಂತ ಸಿಕ್ಕಿತು. ಈ ಸೋಂಕು ನಮ್ಮ ವೈದ್ಯಗ್ರಂಥಗಳ ವಿಸರ್ಪದಂಥದು. ಏಳು ವರ್ಷದ ಹಿಂದಿನ ಆ ರೋಗಿಯನ್ನು ಕೋಲಿ ಬಡವರ ಬೀದಿಗಳಲ್ಲಿ ಹುಡುಕಿಸಿದನು. ಆತನು ಆರೋಗ್ಯವಾಗಿದ್ದನು! 1891ರಿಂದ ಕೋಲಿ ತಾನೇ ರೋಗಾಣುಗಳನ್ನು, ಮುಂದೆ ಸತ್ತ ರೋಗಾಣುಗಳ ರಸವನ್ನು, ರೋಗಿಗಳಿಗೆ ಚುಚ್ಚಿ ಕೆಲವರನ್ನು ಬದುಕಿಸಿದನು.

ಆದರೆ ಗುಣವೇಕಾಯಿತೆಂದು ಹೇಳಲು ಆತನಿಗೆ ತಿಳಿಯದು. ರಸವು ಒಂದೊಂದು ಕಡೆ ಒಂದೊಂದು ವಿಧವಾಗಿ ತಯಾರಾಗುತ್ತಿತ್ತು, ದಾಖಲೆಗಳು ಕ್ರಮವಾಗಿರಲಿಲ್ಲ. ಅಷ್ಟರಲ್ಲಿ ಎಕ್ಸ್‌ರೇ ಚಿಕಿತ್ಸೆ ಬಂದಿತು. ಕೋಲಿ 1936ರಲ್ಲಿ ಮಡಿದಾಗ ಆ ವಿದ್ಯೆಯೂ ಬಹುಮಟ್ಟಿಗೆ ಅವನೊಡನೆ ಮರೆಯಾಯಿತು. ಪಾಠ ಹೇಳಿಯೇ ಕೂದಲು ನರೆಸಿಕೊಂಡ ನಮಗೆ ಈ ಭಾಗವು ಬಹಳ ನೋಯುತ್ತದೆ.

ಅದನ್ನು ಉಳಿಸಿದವಳು ಕೋಲಿಯ ಮಗಳು ಹೆಲೆನ್ ನಾಟ್ಸ್. ಆಕೆಗೆ ವೈದ್ಯಶಿಕ್ಷಣವಾಗಲಿ ವಿಜ್ಞಾನದ ಪದವಿಯಾಗಲಿ ಇರಲಿಲ್ಲ. ತಂದೆಯ ಕಾಗದಗಳನ್ನು ಹರಡಿಕೊಂಡು, ರೋಗಿಗಳ ವಿವರಗಳನ್ನು ಒಂದೊಂದಾಗಿ ಸಂಗ್ರಹಿಸಿ, ವರ್ಷಗಟ್ಟಲೆ ದುಡಿದಳು. 1953ರಲ್ಲಿ ಕ್ಯಾನ್ಸರ್ ರಿಸರ್ಚ್ ಇನ್ಸ್ಟಿಟ್ಯೂಟ್ ಎಂಬ ಸಂಸ್ಥೆಯನ್ನು ಕಟ್ಟಿದಳು. ಮೊದಲ ಹಣ 2,000 ಡಾಲರು. ಕೊಟ್ಟವರು ನೆಲ್ಸನ್ ರಾಕ್‌ಫೆಲ್ಲರ್. ಅರವತ್ತು ವರ್ಷಗಳ ಹಿಂದೆ ತೀರಿಕೊಂಡ ಆ ಬೆಸಿಯು ಇವರ ತಂದೆಯ ಆಪ್ತ ಸ್ನೇಹಿತೆಯಾಗಿದ್ದಳೆಂಬುದನ್ನು ನೆನೆದರೆ ಮೈ ಜುಮ್ಮೆನ್ನುವುದು. ಈ ಸಂಸ್ಥೆ 1971ರಲ್ಲಿ ಒಂದು ವಿದ್ಯಾರ್ಥಿವೇತನವನ್ನು ಆರಂಭಿಸಿತು. ಪಿಎಚ್.ಡಿ. ಪಡೆದವರು, ವೈದ್ಯಪದವೀಧರರು, ಇಬ್ಬರಿಗೂ ಅದು ತೆರೆದದ್ದು. ನುರಿತ ಗುರುವೊಬ್ಬನ ಪ್ರಯೋಗಶಾಲೆಯಲ್ಲಿ ಕುಳಿತು ಕಲಿಯಬೇಕು.

ಅಲ್ಲಿ ಕಲಿಯುವುದೇನು? ರಕ್ತದಿಂದ ಟಿ ಕೋಶಗಳನ್ನು ಬೇರ್ಪಡಿಸುವುದು, ಕೆಡದಂತೆ ಬೆಳೆಸುವುದು, ಇಲಿಯಲ್ಲಿ ಗಂತಿ ಕುಗ್ಗಿದಾಗ ಅದು ಔಷಧದ ಗುಣವೋ ಕಾಕತಾಳೀಯವೋ ಎಂದು ತನ್ನನ್ನೇ ಅಡ್ಡಸವಾಲು ಮಾಡಿಕೊಳ್ಳುವುದು. ಸುಶ್ರುತನು ರೋಗಿಯನ್ನು ಮುಟ್ಟುವ ಮೊದಲು ಶಿಷ್ಯನ ಕೈಗೆ ಸೋರೆ, ಸೌತೆಗಳನ್ನು ಕೊಟ್ಟು ಕೊಯ್ಯುವುದನ್ನು ಅಭ್ಯಾಸ ಮಾಡಿಸಿದನಷ್ಟೆ. ಇಲಿಯ ಕೆಲಸವೂ ಆ ಜಾತಿಯದೇ.

ಅಭ್ಯಾಸವಿಲ್ಲದ ಕೈಗೆ ಈ ಚಿಕಿತ್ಸೆ ಅಪಾಯಕರ. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ರಕ್ತಕ್ಯಾನ್ಸರಿನ ಬಾಲಕಿಗೆ ಅವಳದೇ ಟಿ ಕೋಶಗಳನ್ನು ಮಾರ್ಪಡಿಸಿ ಮರಳಿ ಕೊಟ್ಟಾಗ, ಎಚ್ಚೆತ್ತ ಕಾವಲುಪಡೆಯೇ ಜ್ವರಪ್ರಳಯವೆಬ್ಬಿಸಿ ಮಗುವನ್ನು ಸಾವಿನ ಬಾಗಿಲಿಗೆ ತಂದಿತು. ರಕ್ತಪರೀಕ್ಷೆಯಲ್ಲಿ ಒಂದು ದ್ರವ್ಯವು ವಿಪರೀತ ಏರಿದ್ದನ್ನು ಕಂಡ ಸಂಶೋಧಕ ಕಾರ್ಲ್ ಜೂನ್‌ಗೆ ಅದನ್ನು ತಡೆಯುವ ಸಂಧಿವಾತದ ಔಷಧವೊಂದು ನೆನಪಾಯಿತು. ಆತನ ಮಗಳಿಗೇ ಸಂಧಿವಾತವಿತ್ತು. ಅದನ್ನು ಕೊಟ್ಟರು, ಎಮಿಲಿ ಬದುಕಿದಳು. ಹಾಸಿಗೆಯ ಬಳಿಯ ವೈದ್ಯನೂ ಪ್ರಯೋಗಶಾಲೆಯ ವಿಜ್ಞಾನಿಯೂ ಒಂದೇ ಭಾಷೆ ಆಡಬಲ್ಲವರಾದ್ದರಿಂದ ಇದು ಸಾಧ್ಯವಾಯಿತು.

ನಮ್ಮ ದೇಶದಲ್ಲಿಯೂ ಮುಂಬಯಿಯ ಐ.ಐ.ಟಿ.ಯ ಸಂಶೋಧಕರೂ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರೂ ಕೂಡಿ ಇಂಥದೇ ಚಿಕಿತ್ಸೆಯೊಂದನ್ನು ಸಿದ್ಧಮಾಡಿದರು. 2023ರ ಅಕ್ಟೋಬರಿನಲ್ಲಿ ಸರ್ಕಾರದ ಒಪ್ಪಿಗೆ ದೊರೆಯಿತು. ಬೆಲೆ ಹೊರದೇಶದ ಹತ್ತರಲ್ಲೊಂದು ಭಾಗವೆಂದು ಹೇಳಲಾಯಿತು. ಆ ಹತ್ತರಲ್ಲೊಂದೂ ನಮ್ಮಂಥ ಪಿಂಚಣಿದಾರರಿಗೆ ಮನೆ ಮಾರುವ ಮಾತೇ. ಅದನ್ನು ಇನ್ನೂ ಇಳಿಸಬೇಕಾದರೆ ಕೋಶವನ್ನು ಕೈಯಾರೆ ಬೆಳೆಸಬಲ್ಲವರು ಇನ್ನೂ ಬಹಳ ಮಂದಿ ಬೇಕು.

ಎಲ್ಲವನ್ನೂ ಆ ತಾಯಿ ಸಮಾಧಾನದಿಂದ ಕೇಳಿದರು. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, “ಅಲ್ಲಾ ಮೇಷ್ಟ್ರೇ, ಮೂರು ವರ್ಷ ಇವಳ ಊಟಕ್ಕೆ, ಬಾಡಿಗೆಗೆ ಆ ವೇತನ ಸಾಲುತ್ತದೆಯೇ?” ಎಂದರು. ನ್ಯಾಯವಾದ ಪ್ರಶ್ನೆ. ಬಿಗಿಯಾಗಿಯೇ ಇರುವುದೆಂದು ಒಪ್ಪಿಕೊಂಡೆವು. “ಹಾಗಾದರೆ ಅಕ್ಕಿ ಬೇಳೆ ನಾವೇ ಕಳಿಸಬೇಕು” ಎನ್ನುತ್ತ ಮೆಟ್ಟಿಲಿಳಿದರು.